ಕಂಬದ ಎಣ್ಣೆ

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ನಾನು ಒಂದು ತೆಂಗಿನಕಾಯಿಯನ್ನೂ ಅಟ್ಟದಿಂದ ಕೆಳಗಿಳಿಸಿದವಳಲ್ಲ. ವರ್ಷದ ಹತ್ತಿರ ಅಟ್ಟದ ಮೇಲೆ ಬಿದ್ದಿದ್ದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉರುಳಾಡಿದರೆ ಒಂದು ಸದ್ದು. ಒಳಗೇ ಕೊಳೆತಿದ್ದರೆ ಬೇರೆ ಸದ್ದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಹೊನ್ನವಳ್ಳಿ ಕಡೆಯ ಈ ಮನೆಗೆ ಸೊಸೆಯಾಗಿ ಬಂದು ಇದೇ ಕೆಲಸ ಮಾಡಿ ಮಾಡಿ, ಅಲ್ಲಾಡಿಸಿ ನೋಡದೆ ಯಾವುದನ್ನೂ ನಂಬುವುದು ನನ್ನಿಂದ ಆಗುವುದಿಲ್ಲ. ಸೀರೆ ಅಂಗಡಿಯವನು ಬಣ್ಣ ಹೋಗುವುದಿಲ್ಲವೆಂದರೆ ಅವನ ಎದುರಿಗೇ ಸೆರಗಿನ ತುದಿಯನ್ನು ಒದ್ದೆ ಬೆರಳಿನಿಂದ ಉಜ್ಜುತ್ತೇನೆ. ನನ್ನ ಗಂಡ ಇದನ್ನು ಪೊಲೀಸ್ ಬುದ್ಧಿ ಎನ್ನುತ್ತಾರೆ. ಎನ್ನಲಿ.

ಹಾಗಾಗಿ ತಿಪಟೂರಿನ ಆಯಿಲ್ ಅಂಗಡಿಯೊಂದರ ಮುಂದೆ ಕಟ್ಟಿದ್ದ ಬ್ಯಾನರ್ ಕಂಡಾಗಲೇ ನನಗೆ ಏನೋ ವಾಸನೆ ಹೊಡೆಯಿತು. ತುಂಬಾ ಓಡಿದ ಹಳೇ ಗಾಡಿಗಳಿಗೆಂದೇ ಮಾಡಿದ ಇಂಜಿನ್ ಆಯಿಲ್ ಅಂತೆ. ಅದನ್ನೇ ಬಿಡದೆ ಹಾಕಿಸುತ್ತಾ ಹೋದರೆ, ಇಂಜಿನ್ ಕೈಕೊಟ್ಟಾಗ ರಿಪೇರಿ ಖರ್ಚು ಕಂಪನಿಯದಂತೆ. ಹೊಸ ಗಾಡಿಗೆ ವಾರಂಟಿ ಕೊಡುವುದು ಗೊತ್ತು. ಹಲ್ಲುದುರಿದ ಎತ್ತಿಗೆ ಯಾರಾದರೂ ಭರವಸೆ ಕೊಡುತ್ತಾರೆಯೇ? ಕೊಡುತ್ತಾರೆಂದರೆ ಎಲ್ಲೋ ಒಂದು ಕಡೆ ಹಗ್ಗ ಅವರ ಕೈಯಲ್ಲೇ ಇರುತ್ತದೆ.

ಒಳಗೆ ಹೋಗಿ ಷರತ್ತುಗಳ ಕಾಗದ ಕೇಳಿದೆ. ಅಂಗಡಿಯವನು ಚಹಾ ತರಿಸಿದ. ಅದೂ ನನಗೆ ಸರಿಬರಲಿಲ್ಲ. ಎಣ್ಣೆ ತಾಗುವ ಭಾಗಗಳಿಗೆ ಮಾತ್ರ ವಾರಂಟಿ. ಬಿಸಿಯಾಗಿ ಕೆಟ್ಟರೆ ಇಲ್ಲ. ಮೊದಲೇ ಇದ್ದ ತೊಂದರೆಗೆ ಇಲ್ಲ. ಒಂದೇ ಒಂದು ಸಲ ಎಣ್ಣೆ ಬದಲಾಯಿಸುವುದು ತಡವಾದರೂ ಇಲ್ಲ. ಅವರು ಹೇಳಿದ ಗ್ಯಾರೇಜಿನಲ್ಲೇ ಹಾಕಿಸಬೇಕು. ಇಷ್ಟು ಷರತ್ತು ಹಾಕಿ ಹೆಣ್ಣು ಕೊಟ್ಟರೆ ಯಾವ ಹುಡುಗಿಯ ಸಂಸಾರವೂ ನಿಲ್ಲುವುದಿಲ್ಲ ಎಂದು ಅವನಿಗೆ ಹೇಳಿದೆ. ಅವನು ನಕ್ಕ, ಆದರೆ ಯಾವ ಷರತ್ತನ್ನೂ ತೆಗೆಯಲಿಲ್ಲ.

ಆದರೂ ನಾನು ಆ ವಾರಂಟಿಗೆ ಸೇರಿದೆ. ನಂಬಿಕೆಯಿಂದಲ್ಲ, ಬೇರೆ ದಾರಿಯಿರಲಿಲ್ಲ. ನಮ್ಮ ಹಳೇ ವ್ಯಾನು ಬೆಳಿಗ್ಗೆ ಎದ್ದ ಮುದುಕನ ಹಾಗೆ ಕೆಮ್ಮುತ್ತಿತ್ತು. ಇನ್ನೊಂದು ಸಲ ಇಂಜಿನ್ ಕೈಕೊಟ್ಟರೆ ಗುಜರಿಗೆ ಹಾಕುವುದೇ ಸರಿ ಎಂದು ನನ್ನ ಗಂಡ ಹೇಳಿಬಿಟ್ಟಿದ್ದರು. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಓಡಿಸುವವಳು ನಾನು. ಹರಾಜಿನ ದಿನ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋಗುವುದು, ದಲ್ಲಾಳಿಯ ಎದುರು ನಿಂತು ಮಾತಾಡುವುದು, ಬರುವಾಗ ನನಗೆ ಬೇಕಾದ ಕಡೆ ನಿಲ್ಲಿಸಿ ಬರುವುದು, ಇದೆಲ್ಲ ಆ ವ್ಯಾನಿನಿಂದ ನನಗೆ ಬಂದದ್ದು. ಅದಕ್ಕೆ ಮುಂಚೆ ಒಂದು ಜೊತೆ ಚಪ್ಪಲಿ ಕೊಳ್ಳಬೇಕೆಂದರೂ ಯಾರಾದರೂ ಆ ಕಡೆ ಹೋಗುತ್ತಾರಾ ಎಂದು ಕಾಯುತ್ತಿದ್ದೆ. ವ್ಯಾನು ಹೋದರೆ ನಾನು ಮತ್ತೆ ಕಾಯುವವಳಾಗುತ್ತೇನೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ಗ್ಯಾರೇಜಿನ ಮೆಕ್ಯಾನಿಕ್ ನಮಗೆ ಹಳಬನೇ. ಹಾಗೆಂದು ಬಿಡಲಾಗುತ್ತದೆಯೇ? ಖಾಲಿ ಡಬ್ಬಗಳನ್ನು ಕೊಂಡು ಅದರಲ್ಲಿ ನಕಲಿ ಎಣ್ಣೆ ತುಂಬಿ ಮಾರುವವರಿದ್ದಾರೆಂದು ಕೇಳಿದ್ದೆ. ಸೀಲು ಒಡೆಯುವಾಗ ಪಕ್ಕದಲ್ಲೇ ನಿಂತೆ, ಲಾಳಿಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಎಣ್ಣೆ ಜೇನಿನ ಬಣ್ಣಕ್ಕಿತ್ತು. ಕೊನೆಯ ಡಬ್ಬದಲ್ಲಿ ಅರ್ಧದಷ್ಟು ಉಳಿಯಿತು. ಅದನ್ನೂ ಖಾಲಿ ಡಬ್ಬಗಳನ್ನೂ ನಾನೇ ತರುತ್ತೇನೆಂದೆ. ಇಂಜಿನ್ನಿನಿಂದ ಇಳಿಸಿದ ಹಳೇ ಎಣ್ಣೆಯನ್ನು ಆ ಖಾಲಿ ಡಬ್ಬಗಳಿಗೇ ತುಂಬಿಸಿಕೊಂಡೆ. ನಮ್ಮ ಕಡೆ ಹಳೇ ಎಣ್ಣೆಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುವ ದಡ್ಡರು ಯಾರೂ ಇಲ್ಲ. ಕಾಯಿ ಅಟ್ಟದ ಕಂಬಗಳಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಮನೆಯಲ್ಲಿ ಅದರ ಹೆಸರೇ ಕಂಬದ ಎಣ್ಣೆ.

ಡಬ್ಬಗಳೆಲ್ಲ ಒಂದೇ ಥರ. ಹೊಸ ಎಣ್ಣೆ ಉಳಿದಿದ್ದ ಡಬ್ಬದ ಕುತ್ತಿಗೆಗೆ ತೆಂಗಿನ ನಾರಿನ ಹುರಿ ಕಟ್ಟಿ, ಎಲ್ಲವನ್ನೂ ಅಟ್ಟದ ಕೆಳಗೆ ಸಾಲಾಗಿ ಇಟ್ಟೆ. ಇಷ್ಟು ಜಾಣತನ ಸಾಕೆಂದುಕೊಂಡೆ.

ಸ್ವಲ್ಪ ದಿನಕ್ಕೆ ನಮ್ಮ ಅತ್ತೆ ಕಂಬಗಳಿಗೆ ಎಣ್ಣೆ ಬಳಿದರು. ಸಂಜೆ ಊಟಕ್ಕೆ ಕೂತಾಗ, ಈ ಸಲದ್ದು ಯಾಕೋ ಸರಿಯಿಲ್ಲವೆಂದು ಗೊಣಗಿದರು.

"ಕಪ್ಪೇ ಇಲ್ಲ ಕಣವ್ವ. ಕಂಬಕ್ಕೆ ಹತ್ತಾನೇ ಇಲ್ಲ."

ನನ್ನ ಅನುಮಾನ ನೆಟ್ಟಗೆ ಮೆಕ್ಯಾನಿಕ್ ಮೇಲೆ ಹೋಯಿತು. ನಾನು ಮೇಲೆ ಲಾಳಿಕೆ ಕಾಯುತ್ತಿದ್ದಾಗ ಅವನು ಕೆಳಗೆ ನಮ್ಮ ಹಳೇ ಎಣ್ಣೆಯನ್ನು ಎತ್ತಿಟ್ಟುಕೊಂಡು ಬೇರೇನನ್ನೋ ತುಂಬಿಕೊಟ್ಟಿದ್ದಾನೆ. ಹಳೇ ಎಣ್ಣೆಯನ್ನೇ ಬಿಡದವನು ಹೊಸದನ್ನು ಬಿಟ್ಟಾನೆಯೇ? ಕಂಬದ ಹತ್ತಿರ ಹೋಗಿ ನೋಡಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಆಮೇಲೊಂದು ದಿನ ಕಡ್ಡಿ ಅದ್ದಿ ನೋಡಿದಾಗ ಇಂಜಿನ್ ಎಣ್ಣೆ ತೀರಾ ಕೆಳಗಿಳಿದಿತ್ತು. ನನ್ನ ತಾಯಿಗೆ ಹುಷಾರಿಲ್ಲವೆಂದು ತವರಿಗೆ, ಶೆಟ್ಟಿಕೆರೆಗೆ, ಬಸ್ಸಿನಲ್ಲಿ ಹೊರಡುವ ಅವಸರದಲ್ಲಿದ್ದೆ. ಹುರಿ ಕಟ್ಟಿದ ಡಬ್ಬದ ಎಣ್ಣೆಯನ್ನು ವ್ಯಾನಿಗೆ ಹಾಕಿಡಿ ಎಂದು ಗಂಡನಿಗೆ ಹೇಳಿ, ಎಣ್ಣೆ ಸುರಿಯುವ ಬಾಯಿ ಎಲ್ಲಿದೆಯೆಂದು ತೋರಿಸಿ ಹೋದೆ. ಮಾರನೆಯ ದಿನ ಬಂದು, ಅದರ ಮಾರನೆಯ ದಿನ ಕೊಬ್ಬರಿ ಹೇರಿಕೊಂಡು ಹೊರಟೆ. ತಿಪಟೂರಿನ ದಾರಿಯಲ್ಲಿ ಇಂಜಿನ್ನಿನಿಂದ ಕಾಯಿ ಅಲ್ಲಾಡಿಸಿದ ಹಾಗೆ ಗಟಗಟ ಸದ್ದು ಬಂತು. ಕಾಯಿಯಲ್ಲಾದರೆ ಅದು ಒಳ್ಳೆಯ ಸದ್ದು. ಇಂಜಿನ್ನಿನಲ್ಲಿ ಅಲ್ಲ. ಗಾಡಿ ನಿಂತಿತು. ಯಾರದೋ ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳೆಸಿದೆ.

ಕಂಪನಿಯಿಂದ ಒಬ್ಬ ಹುಡುಗ ಬಂದ. ಕೊಳವೆ ಇಳಿಸಿ ಇಂಜಿನ್ನಿನ ಎಣ್ಣೆಯನ್ನು ಸಣ್ಣ ಬಾಟಲಿಗೆ ತುಂಬಿಕೊಂಡು ಹೋದ. ಬಾಟಲಿಯನ್ನು ದಾರಿಯಲ್ಲೇ ಬದಲಾಯಿಸುತ್ತಾನೆಂದು ನನಗೆ ಅನ್ನಿಸದೇ ಇರಲಿಲ್ಲ. ಕೆಲವು ದಿನ ಬಿಟ್ಟು ಅವನೇ ಮತ್ತೆ ಬಂದ. ಎಣ್ಣೆ ತೀರಾ ಹಳೆಯದು, ಅದರಲ್ಲಿ ಮಣ್ಣಿದೆ, ನಾರಿನ ಪುಡಿಯಿದೆ, ಇದು ನಮ್ಮ ಎಣ್ಣೆಯೇ ಅಲ್ಲ, ವಾರಂಟಿ ಸಿಗುವುದಿಲ್ಲ ಎಂದ. ನಾನು ಬಿಲ್ ತೆಗೆದು ಮುಂದೆ ಹಿಡಿದೆ.

"ಬಿಲ್ ಯಾರು ಬೇಕಾದ್ರೂ ಮಾಡಿಸ್ಕೊತಾರೆ ಮೇಡಂ" ಎಂದ.

ನಾನು ಸೀರೆ ಅಂಗಡಿಯವನನ್ನು ನೋಡುವ ಕಣ್ಣಿನಲ್ಲೇ ಅವನು ನನ್ನನ್ನು ನೋಡುತ್ತಿದ್ದ. ಮೈಯೆಲ್ಲ ಉರಿಯಿತು. ಆ ಸಿಟ್ಟನ್ನು ಮೆಕ್ಯಾನಿಕ್ ಮೇಲೆ ತೀರಿಸಿಕೊಂಡೆ. ಗ್ಯಾರೇಜಿಗೆ ಬಂದಿದ್ದ ನಾಲ್ಕು ಜನರ ಮುಂದೆ, ಎಣ್ಣೆ ಬದಲಾಯಿಸಿದವನು ನೀನೇ ಎಂದುಬಿಟ್ಟೆ. ಅವನು ಕೈ ಒರೆಸಿಕೊಳ್ಳುತ್ತಾ ಇಷ್ಟೇ ಹೇಳಿದ:

"ನೀವೇ ನಿಂತ್ಕಂಡು ನೋಡಿದ್ರಲ್ಲಕ್ಕಾ."

ಮನೆಗೆ ಬಂದು ನಡೆದದ್ದೆಲ್ಲ ಹೇಳಿದರೆ ನನ್ನ ಗಂಡ ಗುಜರಿಯವನ ಮಾತೆತ್ತಿದರು. ಬೈಯಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಆ ಸಮಾಧಾನ ನನಗೆ ಇನ್ನೂ ಚುಚ್ಚಿತು. ಎದ್ದು ಅಟ್ಟದ ಕಡೆ ಹೋದೆ. ಅಲ್ಲಿ ಅತ್ತೆ ಕಂಬ ಕೆರೆಯುತ್ತಿದ್ದರು. ಎಣ್ಣೆ ಬಳಿದ ಮೇಲೂ ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಆರಾಮಾಗಿ ಮೇಲೆ ಹತ್ತಿತ್ತು. ಕಂಬ ಕಪ್ಪಗಿರಲಿಲ್ಲ. ಬಿಸಿಲು ಬಿದ್ದ ಕಡೆ ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು.

ಯಾವ ಡಬ್ಬದಿಂದ ಬಳಿದಿರಿ ಎಂದು ಕೇಳಿದೆ. ಅವರಿಗೆ ನೆನಪಿತ್ತು. ಎತ್ತರಕ್ಕೆ ಬಳಿಯಲು ಮಟ್ಟೆಯ ತುದಿ ಜಜ್ಜಿ ಕುಂಚ ಮಾಡಿ ಕೋಲಿಗೆ ಕಟ್ಟಬೇಕಿತ್ತು, ಡಬ್ಬಕ್ಕೆ ಕಟ್ಟಿದ್ದ ಹುರಿ ಕೈಗೆ ಸಿಕ್ಕಿತು, ಬಿಚ್ಚಿಕೊಂಡರು, ಅದೇ ಡಬ್ಬದ ಎಣ್ಣೆ ಬಳಿದರು. ಕೆಲಸ ಮುಗಿದ ಮೇಲೆ ಹುರಿಯನ್ನು ಮತ್ತೆ ಡಬ್ಬಕ್ಕೇ ಕಟ್ಟಿಟ್ಟರು. ಯಾವ ಡಬ್ಬಕ್ಕೆ ಎಂದು ಕೇಳಿದರೆ, ಹತ್ತಿರವಿದ್ದದ್ದಕ್ಕೆ. ಯಾರ ವಸ್ತುವನ್ನೂ ಹಾಳುಮಾಡದ ಶಿಸ್ತಿನ ಹೆಂಗಸು ನಮ್ಮ ಅತ್ತೆ. ಹುರಿ ಕಟ್ಟಿದ್ದ ಡಬ್ಬ ಈಗ ಖಾಲಿಯಾಗಿತ್ತು. ತಳದಲ್ಲಿ ಕಪ್ಪು ಗಸಿ, ಅದರಲ್ಲಿ ಅಟ್ಟದಿಂದ ಉದುರಿದ ಮಣ್ಣು, ನಾರಿನ ಪುಡಿ.

ಅಂದರೆ ನನ್ನ ಗಂಡ ಇಂಜಿನ್ನಿಗೆ ಹಾಕಿದ್ದು ಕಂಬದ ಎಣ್ಣೆ. ಅಲ್ಲಿಗೆ ಲೆಕ್ಕ ಮುಗಿಯಬೇಕಿತ್ತು. ಆದರೆ ನನ್ನ ಬುದ್ಧಿ ನಿಲ್ಲಲಿಲ್ಲ. ಅಷ್ಟು ಕಪ್ಪಗಿದ್ದ ಎಣ್ಣೆಯನ್ನು ಸುರಿಯುವಾಗ ಅವರಿಗೆ ಕಾಣಲಿಲ್ಲವೇ? ಗುಜರಿಗೆ ಹಾಕೋಣ ಎಂದು ಮೊದಲಿನಿಂದ ಹೇಳುತ್ತಿದ್ದವರು ಅವರೇ ಅಲ್ಲವೇ? ನಾನು ತಿಪಟೂರಿನಲ್ಲಿ ದಲ್ಲಾಳಿಗಳ ಜೊತೆ ಜೋರಾಗಿ ಮಾತಾಡುವುದನ್ನು ನೆಂಟರು ಆಡಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು. ಇಷ್ಟು ದಿನ ಕಂಪನಿಯ ಮೇಲೆ, ಅಂಗಡಿಯವನ ಮೇಲೆ ಅನುಮಾನಪಟ್ಟಾಗ ನನಗೆ ಒಳಗೊಳಗೇ ಖುಷಿಯಿರುತ್ತಿತ್ತು. ಇದರಲ್ಲಿ ಖುಷಿಯಿರಲಿಲ್ಲ. ಜೊತೆಯಲ್ಲಿ ಊಟ ಮಾಡುವ ಮನುಷ್ಯನನ್ನು ಕಾಯಿಯ ಹಾಗೆ ಅಲ್ಲಾಡಿಸಿ ನೋಡುವುದು ಹೇಗೆ?

ಹೇಗೆಂದು ಹೊಳೆಯಿತು. ಅತ್ತೆ ಬಳಿದು ಬಿಟ್ಟಿದ್ದ ಡಬ್ಬದ ತಳದಲ್ಲಿ ಇನ್ನೂ ಒಂದಿಷ್ಟು ಹೊಸ ಎಣ್ಣೆ ಇತ್ತು. ಅದನ್ನು ಒಂದು ಚಿಪ್ಪಿಗೆ ಬಗ್ಗಿಸಿಕೊಂಡು ಜಗಲಿಗೆ ಹೋಗಿ ಗಂಡನ ಮುಂದೆ ಹಿಡಿದೆ. ಇದೇನು ಹೇಳಿ ಎಂದೆ. ಮುಖವನ್ನೇ ನೋಡುತ್ತಾ ನಿಂತೆ.

ಅವರು ಬೆರಳು ಅದ್ದಿದರು. ಮೂಸಿದರು. ಹುಬ್ಬು ಗಂಟಿಕ್ಕಿ, ನಿಜವಾಗಿಯೂ ಯೋಚನೆ ಮಾಡಿದರು.

"ಹೊಂಗೆ ಎಣ್ಣೆನಾ?"

ನಾನು ಅಲ್ಲವೆಂದೆ. ಹಾಗಾದರೆ ಹಿಪ್ಪೆ ಎಣ್ಣೆಯಿರಬೇಕು, ಆದರೆ ವಾಸನೆ ಬೇರೆ ಎಂದರು. ಇದು ಇಂಜಿನ್ನಿಗೆ ಹಾಕುವ ಹೊಸ ಎಣ್ಣೆ ಎಂದಾಗ ನನ್ನನ್ನೂ ಚಿಪ್ಪನ್ನೂ ಮತ್ತೆ ಮತ್ತೆ ನೋಡಿದರು. ಹುಟ್ಟಿದಾಗಿನಿಂದ ಅವರು ಕಂಡ ಗಾಡಿ ಎಣ್ಣೆಯೆಂದರೆ ಅಟ್ಟದ ಕಂಬಕ್ಕೆ ಬಳಿಯುವ ಕಪ್ಪು ಎಣ್ಣೆ ಒಂದೇ. ಅದು ಕಪ್ಪಾಗಿಯೇ ಹುಟ್ಟುತ್ತದೆಂದು ತಿಳಿದಿದ್ದರು.

"ಹಂಗಾರೆ ನಾನ್ ಹಾಕಿದ್ದು?"

"ಕಂಬದ್ದು" ಎಂದೆ.

ಅವರು ಚಿಪ್ಪನ್ನು ನೆಲಕ್ಕಿಟ್ಟರು. ಆಮೇಲೆ ಫೋನ್ ತೆಗೆದು ಮೆಕ್ಯಾನಿಕ್‌ಗೆ ಮಾಡಿದರು. ಗುಜರಿಯವನು ಬಂದರೆ ವಾಪಸ್ ಕಳಿಸು, ಎಷ್ಟಾದರೂ ಆಗಲಿ ಇಂಜಿನ್ ಬಿಚ್ಚಿ ರೆಡಿ ಮಾಡು ಎಂದರು. ಆಮೇಲೆ ದನಿ ತಗ್ಗಿಸಿದರು.

"ಎಣ್ಣೆ ಕೆಡಿಸಿದ್ದು ನಾನೇ ಕಣಪ್ಪ. ನಮ್ಮನೆಯವ್ಳು ಅಂದಿದ್ದ ಮನಸಿಗೆ ಹಚ್ಕಬ್ಯಾಡ."

ನಾನು ಬಾಗಿಲ ಮರೆಗೆ ಹೋಗಿ ಅತ್ತುಬಿಟ್ಟೆ.

ವ್ಯಾನು ಈಗ ಓಡುತ್ತಿದೆ, ನಾನೇ ಓಡಿಸುತ್ತಿದ್ದೇನೆ. ಆ ವಾರಂಟಿ ಹೇಗೆ, ಸೇರಬಹುದಾ ಎಂದು ಊರಿನವರು ಕೇಳುತ್ತಾರೆ. ಎಣ್ಣೆ ಚೆನ್ನಾಗಿದೆ, ಎಣ್ಣೆಗೋಸ್ಕರ ಹಾಕಿಸಿ, ವಾರಂಟಿಗೋಸ್ಕರ ಬೇಡ ಎನ್ನುತ್ತೇನೆ. ಕಂಪನಿಯ ಕಣ್ಣಿಗೆ ನಾವೆಲ್ಲ ಒಳಗೇನಿದೆಯೋ ಗೊತ್ತಿಲ್ಲದ ಕಾಯಿಗಳೇ. ನನ್ನ ಗಂಡ ಮಾತ್ರ ಈಗ ಗ್ಯಾರೇಜಿಗೆ ಜೊತೆಯಲ್ಲಿ ಬರುತ್ತಾರೆ. ಉಳಿದ ಎಣ್ಣೆಯ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮನೆಯವರೆಗೂ ಕೂರುತ್ತಾರೆ. ಎಣ್ಣೆಯ ಬಣ್ಣ ಹೇಗಿರುತ್ತದೆಂದು ಚಿಪ್ಪಿನಲ್ಲಿ ತೋರಿಸಿಕೊಟ್ಟವಳು ನನ್ನ ಹೆಂಡತಿ ಎಂದು ಮೆಕ್ಯಾನಿಕ್ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಚಿಪ್ಪನ್ನು ಅವರ ಮುಂದೆ ಹಿಡಿದದ್ದು ಕಲಿಸುವುದಕ್ಕಲ್ಲ ಎಂದು ನಾನು ಇವತ್ತಿಗೂ ಅವರಿಗೆ ಹೇಳಿಲ್ಲ.