ಎಲ್ಲಾ ಗಾಳೀದು

ಮೂಡಲಗಿಯ ಗಡಿಯಾರ ರಿಪೇರಿಯವರೊಬ್ಬರು ಸೈಕಲ್ ತುಳಿದು ಸಂತೆಗೆ ಬೇಗ ಮುಟ್ಟಿದರೂ, ತಡವಾಗಿ ಮುಟ್ಟಿದರೂ, ಧೋತರದ ಧೂಳು ಝಾಡಿಸುತ್ತ ಒಂದೇ ಮಾತು ಹೇಳುತ್ತಿದ್ದರು: "ನಂದೇನಿಲ್ರಿ, ಎಲ್ಲಾ ಗಾಳೀದು." ಊರೂರಿಗೆ ಸೈಕಲ್ ಮೇಲೆ ಸೀರೆ ಒಯ್ದು ಮಾರುತ್ತಿದ್ದ ನಾನು ಸದಾ ಅವರ ಹಿಂದೆಯೇ ಇರುತ್ತಿದ್ದೆ. ನೀವೂ ನೆನಪಿಡಿ, ಎದುರುಗಾಳಿಗೆ ಹೊರಟರೆ ಅಗಲ ಬೆನ್ನಿನವರ ಜೊತೆ ಹೊರಡಬೇಕು.

ಅವರ ಮದುವೆಯಾದ ವರ್ಷ ಆಷಾಢಕ್ಕೆ ಹೆಂಡತಿ ಹುಕ್ಕೇರಿಯ ತವರಿಗೆ ಹೋದಳು. ಆ ತಿಂಗಳು ಹೊಸ ಅಳಿಯ ಅತ್ತೆಯ ಹೊಸ್ತಿಲು ತುಳಿಯುವಂತಿಲ್ಲ. ಇವರಿಗೆ ವಾರ ಕಳೆಯುವುದೇ ಕಷ್ಟವಾಯಿತು. ನನ್ನನ್ನೂ ಹೊರಡಿಸಿಕೊಂಡು, ಗೋಕಾಕ ದಾಟಿ, ಮರವಿಲ್ಲದ ಬಯಲಿನಲ್ಲಿ ಪಡುವಣ ಗಾಳಿಗೆ ಎದೆಗೊಟ್ಟು ದಿನವಿಡೀ ತುಳಿದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಇದೇನ್ರಿ ಅಳಿಯಂದ್ರ, ಆಷಾಢದಾಗ?"

"ನಂದೇನಿಲ್ರಿ ಅತ್ತಿ. ಗೋಕಾಕ ಸಂತಿ ಮುಗಿಸಿ ಮೂಡಲಗಿಗಿ ಹೊಂಟಿದ್ದೆ, ಗಾಳಿ ಇಲ್ಲಿಗಿ ತಂದು ಒಗದೈತಿ."

ಅತ್ತೆ ಅಂಗಳದಲ್ಲಿ ಒಣಹಾಕಿದ ಸೀರೆಯತ್ತ ನೋಡಿದರು. ಅದು ಮೂಡಲಗಿಯ ದಿಕ್ಕಿಗೇ ಪಟಪಟ ಹಾರುತ್ತಿತ್ತು. ಸುಳ್ಳು ಹೇಳುವ ಮುನ್ನ ಸುತ್ತ ಒಮ್ಮೆ ನೋಡಬೇಕು, ವ್ಯಾಪಾರ ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಒಳಗಿನಿಂದ ಅವರ ಹೆಂಡತಿಯ ನಗು ಕೇಳಿಸಿತು. ಅತ್ತೆಯ ತುಟಿಯೂ ಸಡಿಲವಾಯಿತು.

"ಖರೆ ಬಿಡ್ರಿ. ಇಂಥಾ ಗಾಳಿಗಿ ಎದುರು ಮೂಡಲಗಿಗಿ ಹೆಂಗ ಹೋಗ್ತೀರಿ? ಒಳಗ ಬರ್ರಿ. ಗಾಳಿ ತಿರುಗೋತನಾ ಇಲ್ಲೇ ಇರ್ರಿ."

ಶ್ರಾವಣ ಮುಗಿದರೂ ಆ ಗಾಳಿ ತಿರುಗುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮರುದಿನ ನಾನೊಬ್ಬನೇ ಹೊರಟೆ. ಊರು ಮುಟ್ಟುವವರೆಗೆ ಪೆಡಲ್ ತುಳಿಯುವ ಕೆಲಸವೇ ಬೀಳಲಿಲ್ಲ.