ಗಂಟಣ್ಣ ಈಗ ಗಂಟು ಬಿಚ್ಚುತ್ತಾರೆ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬೀದಿದೀಪಗಳು ಆರಿಲ್ಲ. ಮೂರು ಅಂತಸ್ತಿನ ಕಟ್ಟಡವೊಂದರ ಹಿಂಬದಿ ಗೋಡೆಗೆ ಏಣಿ ಒರಗಿದೆ. ಅದರ ಎಂಟನೇ ಮೆಟ್ಟಿಲ ಮೇಲೆ, ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡ ಮನುಷ್ಯರೊಬ್ಬರು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನಿಂತಿದ್ದಾರೆ. ಎದುರಿಗೆ ಗೋಡೆಯ ಮೇಲೊಂದು ಬಿಳಿ ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು. ಅದರ ಮುಚ್ಚಳ ತೆಗೆದು, ಒಳಗಿನ ಕೇಬಲ್ ಸುರುಳಿಯನ್ನು ಮೆತ್ತಗೆ ಈಚೆಗೆಳೆದು, ಅದನ್ನು ಬಿಗಿದಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಕತ್ತರಿಸುತ್ತಾರೆ. ಟಕ್ ಎಂದು ಸಣ್ಣದೊಂದು ಸದ್ದಾಗುತ್ತದೆ.

ಆ ಸದ್ದಿಗೋ ಟಾರ್ಚಿನ ಬೆಳಕಿಗೋ ಪಕ್ಕದ ಅಡುಗೆಮನೆಯ ಕಿಟಕಿ ತೆರೆಯುತ್ತದೆ.

"ಯಾರ್ರೀ ಅದು? ನಾವು ಕಂಪ್ಲೇಂಟೇ ಕೊಟ್ಟಿಲ್ವಲ್ಲ?"

ಅವರು ಬಾಯಿಂದ ಟಾರ್ಚ್ ತೆಗೆದು, ಕೊರಳಿಗೆ ನೇತುಬಿದ್ದ ಗುರುತಿನ ಚೀಟಿಯನ್ನು ಎತ್ತಿ ಹಿಡಿಯುತ್ತಾರೆ. "ನೆಟ್ ಲೈನಿನವನು ತಾಯಿ. ನಿನ್ನೆ ನಿಮ್ಮ ಯಜಮಾನ್ರಿಗೆ ಫೋನ್ ಮಾಡಿ ಹೇಳಿದ್ನಲ್ಲ."

"ಅವರಿಗೆ ಹೇಳಿದ್ದು ನನಗೆ ಮುಟ್ಟಬೇಕಾದ್ರೆ ನೀವು ಇನ್ನೊಂದು ಲೈನ್ ಎಳೀಬೇಕು," ಎನ್ನುತ್ತಾರೆ ಆ ಗೃಹಿಣಿ. ಆಮೇಲೆ, "ನಮ್ಮ ನೆಟ್ ಚೆನ್ನಾಗೇ ಇದೆಯಲ್ಲ?"

"ಬೆಳಗಿನ ಚಳಿಯಲ್ಲೂ ಚೆನ್ನಾಗಿರುತ್ತಾ?"

ಆಕೆ ಸ್ವಲ್ಪ ಯೋಚಿಸುತ್ತಾರೆ. "ಬೆಳಗ್ಗೆ ಒಂದಿಷ್ಟು ಹೊತ್ತು ಸುಮ್ಮನೆ ಸುತ್ತುತ್ತಾ ಇರುತ್ತೆ. ಅದು ಎಲ್ಲರ ಮನೇಲೂ ಇರೋದೇ ಅಲ್ವಾ?"

"ಇಲ್ಲ ತಾಯಿ. ಅದು ನಾನು ಮಾಡಿದ್ದು," ಎಂದು ಅವರು ಮತ್ತೆ ಟಾರ್ಚ್ ಕಚ್ಚಿಕೊಳ್ಳುತ್ತಾರೆ.

ಕಚೇರಿಯಲ್ಲಿ ಇವರ ಹೆಸರು ಗಂಟಣ್ಣ. ಮನೆಯಲ್ಲಿ ಇಟ್ಟ ಹೆಸರನ್ನು ಸಂಬಳದ ಚೀಟಿ ಬಿಟ್ಟರೆ ಬೇರೆ ಯಾರೂ ಬಳಸುವುದಿಲ್ಲ. ವಯಸ್ಸು ಐವತ್ತೊಂಬತ್ತು ದಾಟಿದೆ, ಕೆಲಸಕ್ಕೆ ಸೇರಿ ಮೂವತ್ತಾರು ವರ್ಷ. ನಿವೃತ್ತಿಗೆ ಇನ್ನು ಉಳಿದಿರುವುದು ಇಪ್ಪತ್ತಾರು ದಿನ. ಬಿಚ್ಚಬೇಕಾದ ಗಂಟು ಉಳಿದಿರುವುದು ನಲವತ್ತೊಂದು ಮನೆಯಲ್ಲಿ. ನಿವೃತ್ತಿಯ ದಿನ ಗುರುತಿನ ಚೀಟಿಯನ್ನು ಕಚೇರಿಗೆ ಒಪ್ಪಿಸಬೇಕು. ಚೀಟಿ ಇಲ್ಲದವರು ಹೊತ್ತಾರೆ ಏಣಿ ಹೊತ್ತು ಬಂದರೆ ಯಾವ ಮನೆಯವರು ಸುಮ್ಮನಿದ್ದಾರು?

ಇಪ್ಪತ್ತಾರಕ್ಕೂ ನಲವತ್ತೊಂದಕ್ಕೂ ಮಧ್ಯೆ ಸಿಕ್ಕಿಕೊಂಡಿರುವ ಈ ಮನುಷ್ಯರಿಗೆ ಇದನ್ನು ಮಾಡಿ ಎಂದು ಯಾರೂ ಹೇಳಿಲ್ಲ. ಬೇಡ ಎಂದವರೇ ಹೆಚ್ಚು.

ಗಂಟಣ್ಣ ಕೆಲಸ ಕಲಿತದ್ದು ತಾಮ್ರದ ಕಾಲದಲ್ಲಿ. ಮನೆಮನೆಗೂ ಟೆಲಿಫೋನಿನ ತಾಮ್ರದ ತಂತಿ ಎಳೆಯುತ್ತಿದ್ದ ದಿನಗಳು ಅವು. ಕಲಿಸಿದ ಹಿರಿಯ ಲೈನ್‌ಮನ್‌ಗೆ ಸಡಿಲ ತಂತಿ ಕಂಡರೆ ಮೈಯೆಲ್ಲ ಉರಿ. ಮಿಕ್ಕ ತಂತಿಯನ್ನು ಎರಡು ಬೆರಳಿಗೆ ಸುತ್ತಿ, ಸುರುಳಿ ಮಾಡಿ, ಗಾಳಿಗೆ ಅಲುಗದಂತೆ ಬಿಗಿದು ಕಟ್ಟಬೇಕು. ಶಿಷ್ಯ ಗುರುವನ್ನೂ ಮೀರಿಸಿದ. ಈ ಶಿಷ್ಯ ಕಟ್ಟಿದ ಸುರುಳಿಯನ್ನು ನೋಡಲು ಬೇರೆ ವಿಭಾಗದವರು ಬರುತ್ತಿದ್ದರಂತೆ. "ಇದು ಗಂಟಣ್ಣನ ಕೈ," ಎಂದು ನೋಡಿದ ಕೂಡಲೇ ಹೇಳಿಬಿಡುತ್ತಿದ್ದರಂತೆ. ಹೆಸರು ಬಂದದ್ದು ಹಾಗೆ.

"ನಮ್ಮನೇಲಿ ಅಕ್ಕಿ ಚೀಲದ ಬಾಯಿ ಬಿಚ್ಚಬೇಕಾದ್ರೂ ಇವರಿಗೇ ಕಾಯಬೇಕು," ಎನ್ನುತ್ತಾರೆ ಅವರ ಹೆಂಡತಿ. "ಕಟ್ಟಿದ್ದು ಇವರು. ನನ್ನ ಉಗುರು ಕಿತ್ತುಹೋಗ್ತಿತ್ತು."

ಐದು ವರ್ಷದ ಹಿಂದೆ ತಾಮ್ರ ಹೋಗಿ ಗಾಜು ಬಂತು. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಹರಿಯುವುದು ಬೆಳಕು. ಎರಡು ದಿನದ ತರಬೇತಿಯಲ್ಲಿ ಗಾಜನ್ನು ತುಂಬ ಬಾಗಿಸಬಾರದು, ಬೆಳಕು ಸೋರುತ್ತದೆ ಎಂದು ಹೇಳಿಕೊಟ್ಟರು. ಗಂಟಣ್ಣ ಅದನ್ನು ಬರೆದೂ ಕೊಂಡರು. ಆದರೆ ಬರೆದುಕೊಂಡದ್ದು ತಲೆ, ಮಾರನೇ ದಿನ ಏಣಿ ಹತ್ತಿದ್ದು ಕೈ. ಕೈ ತನ್ನ ಹಳೇ ಚಾಳಿಯಲ್ಲೇ ಎರಡು ಬೆರಳಿಗೆ ಸುತ್ತಿತು, ಬಿಗಿಯಿತು. ಹೀಗೆ ಆರು ನೂರಕ್ಕೂ ಹೆಚ್ಚು ಮನೆ.

ತಪ್ಪು ಒಡನೆ ಗೊತ್ತಾಗಿದ್ದರೆ ಒಳ್ಳೆಯದಿತ್ತು. ಬೆಚ್ಚಗಿರುವಾಗ ಈ ಸುರುಳಿ ಹೇಗೋ ಬೆಳಕನ್ನು ದಾಟಿಸುತ್ತದೆ. ಬೆಳಗಿನ ಚಳಿಗೆ ಕೇಬಲ್ಲಿನ ಹೊದಿಕೆ ಕುಗ್ಗಿ, ಗಂಟು ಇನ್ನಷ್ಟು ಬಿಗಿಯಾಗುತ್ತದೆ, ಲೈನ್ ತಡವರಿಸುತ್ತದೆ. ದೂರಿನ ಮೇಲೆ ಲೈನಿನವರು ಬರುವುದು ಹನ್ನೊಂದು ಗಂಟೆಗೆ. ಅಷ್ಟರಲ್ಲಿ ಬಿಸಿಲು ಏರಿರುತ್ತದೆ, ಎಲ್ಲ ಸರಿಯಾಗಿರುತ್ತದೆ. 'ತೊಂದರೆ ಕಂಡುಬಂದಿಲ್ಲ' ಎಂದು ಬರೆದು ಹೋಗುತ್ತಾರೆ.

ಹಾಗೆ ನಾಲ್ಕು ಸಲ ಗಂಟಣ್ಣ ಬರೆದು ಬಂದದ್ದು ಸನ್ನೆ ಟೀಚರ್ ಮನೆಯಲ್ಲಿ.

ಸನ್ನೆ ಟೀಚರ್‌ಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಕಿವಿ ಕೇಳಿಸದ ಮಕ್ಕಳ ಅಪ್ಪ ಅಮ್ಮಂದಿರಿಗೆ ಕೈಸನ್ನೆಯ ಭಾಷೆ ಕಲಿಸುವುದು ಅವರ ವೃತ್ತಿ. ತರಗತಿ ನಡೆಯುವುದು ಕಂಪ್ಯೂಟರ್ ಪರದೆಯ ಮೇಲೆ, ಪೋಷಕರು ಕೆಲಸಕ್ಕೆ ಹೊರಡುವ ಮೊದಲು, ಆರೂವರೆಯಿಂದ ಏಳೂಕಾಲು. ಲೈನ್ ಹಾಕಿದ ದಿನ ಗಂಟಣ್ಣ ಕೇಬಲ್ ಬಿಗಿಯುವುದನ್ನು ಟೀಚರ್ ಪಕ್ಕದಲ್ಲೇ ನಿಂತು ನೋಡಿದ್ದರು. ಮುಂದಿನ ಸಲ ಹೋದಾಗ ಎರಡು ಮುಷ್ಟಿಗಳನ್ನು ಜೋಡಿಸಿ, ಎಳೆದು ಬಿಗಿದಂತೆ ಮಾಡಿ ನಕ್ಕರು. ಅವರ ಬಳಗದಲ್ಲಿ ಪರಿಚಯದ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರು ಇಡುತ್ತಾರೆ. ಇದು ನಿಮ್ಮದು ಎಂದು ಹಾಳೆಯ ಮೇಲೆ ಬರೆದು ತೋರಿಸಿದರು. ಗಂಟಣ್ಣ ಉಬ್ಬಿಹೋದರು. ಮನೆಗೆ ಬಂದು ಹೆಂಡತಿಗೂ ಮಾಡಿ ತೋರಿಸಿದರು.

"ಚಳಿಗಾಲ ಶುರುವಾಯ್ತು. ಅವರಿಂದ ಮೇಲಿಂದ ಮೇಲೆ ದೂರು," ಎಂದು ಗಂಟಣ್ಣ ನೆನೆಯುತ್ತಾರೆ. "ಪ್ರತಿ ಸಲ ಒಂದು ಹಾಳೆ ಮುಂದೆ ಹಿಡಿಯೋರು. ಲೈನ್ ಎಷ್ಟು ಗಂಟೆಗೆ ಹೋಯ್ತು ಅಂತ ನಿಮಿಷದ ಸಮೇತ ಬರೆದಿಟ್ಟಿದ್ರು. ಆರು ನಲವತ್ತು, ಆರು ಐವತ್ತೆರಡು, ಏಳು ಐದು. ಎಂಟರ ಮೇಲೆ ಒಂದೂ ಇಲ್ಲ. ನಾನು ಆ ಹಾಳೇನ ಕಣ್ಣೆತ್ತಿ ನೋಡಲಿಲ್ಲ. ಕಚೇರಿಗೆ ಫೋನ್ ಮಾಡಿ, 'ಈಯಮ್ಮಂಗೆ ಉಪಯೋಗಿಸೋಕೆ ಬರಲ್ಲ' ಅಂದೆ. ಅವರೆದುರಿಗೇ ಅಂದೆ. ಕೇಳಿಸಲ್ಲ ಅನ್ನೋ ಧೈರ್ಯ."

ಇದನ್ನು ಹೇಳುವಾಗ ಗಂಟಣ್ಣ ಎದುರಿನವರ ಮುಖ ನೋಡುವುದಿಲ್ಲ. ಕೈಯಲ್ಲಿರುವ ಟೀ ಲೋಟವನ್ನು ತಿರುಗಿಸುತ್ತಾ ಕೂರುತ್ತಾರೆ.

ಐದನೇ ಸಲ ಟೀಚರ್ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: ನಾಳೆ ಆರೂವರೆಗೆ ಬನ್ನಿ. ಈ ವಾರವೂ ಪಾಠ ಕೆಟ್ಟರೆ ನಮ್ಮ ಸಂಸ್ಥೆಯವರು ತರಗತಿಯನ್ನು ಬೇರೆಯವರಿಗೆ ಕೊಡುತ್ತಾರೆ. ಮಾರನೇ ಬೆಳಗ್ಗೆ ಬೈದುಕೊಂಡೇ ಹೋದ ಗಂಟಣ್ಣ ಬಾಗಿಲ ಬಳಿ ನಿಂತು ನೋಡಿದರು. ಪರದೆಯ ಮೇಲೆ ಆರು ಮನೆಗಳ ಆರು ಚೌಕ. ಒಂದರಲ್ಲಿ ಒಬ್ಬ ತಂದೆ, ತೊಡೆಯ ಮೇಲೆ ನಾಲ್ಕು ವರ್ಷದ ಮಗಳು. ಆತ 'ಹೆದರಬೇಡ' ಎನ್ನುವುದನ್ನು ಕಲಿಯುತ್ತಿದ್ದ. ಕೈ ಅರ್ಧ ಮೇಲೆ ಬಂದಿತ್ತು, ಚಿತ್ರ ನಿಂತುಹೋಯಿತು. ಟೀಚರ್ ತಮ್ಮ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಕಾದರು. ಆರು ನಿಮಿಷ ಕಾದರು.

ಗಂಟಣ್ಣ ಬೆಳಕಿನ ಬಲ ಅಳೆಯುವ ಮೀಟರ್ ಹಿಡಿದು ಹೊರಗೋಡೆಯ ಪೆಟ್ಟಿಗೆಗೆ ಓಡಿದರು. ಬೀದಿಯಿಂದ ಬರುವ ಬೆಳಕು ಗಂಟಿನ ತನಕ ಭರ್ತಿ ಇತ್ತು. ಗಂಟು ದಾಟಿದ ಮೇಲೆ ಏನೂ ಉಳಿದಿರಲಿಲ್ಲ.

"ಮೂವತ್ತಾರು ವರ್ಷ ಯಾವುದಕ್ಕೆ ಶಭಾಷ್ ಅನ್ನಿಸಿಕೊಂಡೆನೋ ಅದೇ ರೋಗ," ಎನ್ನುತ್ತಾರೆ. "ಕಟ್ ಮಾಡಿದೆ. ಲೈನ್ ಬಂತು. ಒಳಗೆ ಹೋಗಿ ಅವರ ಹಾಳೆ ಕೆಳಗೇ ಬರೆದೆ: ಗಂಟು ನನ್ನದು, ತಪ್ಪು ನನ್ನದು, ಹೊಟ್ಟೆಗೆ ಹಾಕ್ಕೊಳ್ಳಿ. ಆ ಸನ್ನೆ ಹೆಸರು ಬದಲಾಯಿಸಿಕೊಡಿ ಅಂತಲೂ ಬರೆದೆ. ಇಟ್ಟ ಹೆಸರನ್ನ ತೆಗೆಯೋ ಪದ್ಧತಿ ನಮ್ಮಲ್ಲಿ ಇಲ್ಲ ಅಂತ ಬರೆದುಬಿಟ್ರು."

ಟೀಚರ್ ಕೆಲಸ ಉಳಿಯಿತು. ಗಂಟಣ್ಣನ ನಿದ್ದೆ ಹೋಯಿತು. ಲೈನ್ ಹಾಕಿದ ಮನೆಗಳ ಪಟ್ಟಿ ಇದ್ದ ಹಳೇ ಡೈರಿಗಳನ್ನು ಹರಡಿಕೊಂಡು ಕೂತರು. ಪೆಟ್ಟಿಗೆ ಒಳಗೋಡೆಯಲ್ಲಿ ಬೆಚ್ಚಗಿರುವ ಮನೆಗಳನ್ನು ಬಿಟ್ಟರು. ಹೊರಗೋಡೆಯ ಚಳಿಗೆ ಬಿದ್ದಿದ್ದವು ಇನ್ನೂರ ಹದಿನಾಲ್ಕು. ಅಷ್ಟನ್ನೂ ತಾವೇ ಬಿಚ್ಚುವುದಾಗಿ ಕಚೇರಿಯ ಮೇಡಂ ಮುಂದೆ ಹೇಳಿದರು.

"ದೂರೇ ಕೊಡದ ಮನೆಗೆ ಹೋಗೋಕೆ ನನ್ನ ಹತ್ರ ಫಾರ್ಮ್ ಇಲ್ಲ," ಎಂದರಂತೆ ಮೇಡಂ. ಹಾಗೆಂದವರೇ, "ಒಂಬತ್ತು ಗಂಟೆ ಒಳಗೆ ನೀವೇನು ಮಾಡ್ತೀರೋ ನಾನು ಕೇಳಲ್ಲ. ಏಣಿ ಬೀಗದ ಕೈ ನಿಮ್ಮ ಹತ್ರಾನೇ ಇರಲಿ," ಎಂದೂ ಹೇಳಿದರಂತೆ.

ಅಂದಿನಿಂದ ಗಂಟಣ್ಣ ಏಳುವುದು ನಾಲ್ಕೂಕಾಲಿಗೆ. ಐದಕ್ಕೆ ಬೈಕಿನ ಪಕ್ಕಕ್ಕೆ ಮಡಚುವ ಏಣಿ ಕಟ್ಟಿಕೊಂಡು ಹೊರಡುತ್ತಾರೆ. ಹೊತ್ತೇರುವ ಮುಂಚೆ ಎರಡು ಮನೆ. ಬಾಗಿಲು ತೆಗೆಯದಿದ್ದರೆ ಒಂದೇ, ಕೆಲವು ದಿನ ಒಂದೂ ಇಲ್ಲ. ಒಂಬತ್ತಕ್ಕೆ ಕಚೇರಿ, ಅಲ್ಲಿಂದ ದಿನದ ಎಂಟು ಹತ್ತು ದೂರು. ಚೀಲದಲ್ಲಿ ಮೀಟರ್, ಪಟ್ಟಿ ಕತ್ತರಿಸುವ ಇಕ್ಕಳ, ಮತ್ತೆ ಹಳೇ ಟವೆಲ್ಲಿನಲ್ಲಿ ಸುತ್ತಿದ ಒಂದು ಪಿಂಗಾಣಿ ಸಾಸರ್. ಜೊತೆಯ ಕಪ್ಪು ಯಾವತ್ತೋ ಒಡೆದದ್ದು. ಸುರುಳಿ ಈ ಸಾಸರಿಗಿಂತ ಚಿಕ್ಕದಾಗಬಾರದು ಎಂಬುದು ಅವರು ತಮ್ಮ ಕೈಗೆ ಹಾಕಿಕೊಂಡಿರುವ ಮೂಗುದಾರ.

"ಕೈನ ನಂಬಲ್ಲ ಈಗ," ಎನ್ನುತ್ತಾರೆ. "ತಲೆಗೆ ಬುದ್ಧಿ ಬಂದಷ್ಟು ಬೇಗ ಕೈಗೆ ಬರಲ್ಲ."

ಪ್ಲಾಸ್ಟಿಕ್ ಪಟ್ಟಿಯ ಬದಲಿಗೆ ಹಳೇ ಬಟ್ಟೆಯ ಮೆತ್ತನೆಯ ಪಟ್ಟಿಗಳನ್ನು ಹೊಲಿದುಕೊಡುವುದು ಹೆಂಡತಿ. "ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನಿರಬಹುದಿತ್ತು," ಎಂದು ಆಕೆ ಕಣ್ಣು ಹೊಡೆಯುತ್ತಾರೆ. "ಆದ್ರೆ ಉಣ್ತಾ ಇದ್ದೋರು ಬೇರೆಯವರಲ್ವಾ?"

ಎಲ್ಲರೂ ಹೊಗಳುತ್ತಾರೆಂದಲ್ಲ. ಒಂದು ಮನೆಯವರು ಕಳ್ಳನೆಂದು ಕಾವಲುಗಾರನನ್ನು ಕೂಗಿದ್ದಾರೆ. ಇನ್ನೊಬ್ಬರು, ಮೂರು ಚಳಿಗಾಲ ತಮ್ಮ ಮಗನಿಗೆ 'ಲೈನ್ ಇಲ್ಲ ಅಂತ ಸುಳ್ಳು ಹೇಳಿ ಪಾಠ ತಪ್ಪಿಸ್ತೀಯ' ಎಂದು ಬೈದದ್ದನ್ನು ನೆನೆದು ಗಂಟಣ್ಣನಿಗೆ ಬಾಯಿಗೆ ಬಂದಂತೆ ಬೈದಿದ್ದಾರೆ. ಕಚೇರಿಯಲ್ಲೂ ಕೀಟಲೆ ಮಾಡುವವರಿದ್ದಾರೆ: ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ತಾನೇ ಡಂಗುರ ಸಾರಿಕೊಂಡ ಎನ್ನುತ್ತಾರೆ.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ," ಎನ್ನುತ್ತಾರೆ ಗಂಟಣ್ಣ. "ಆನೆ ಎಲ್ಲಿಂದ ತರಲಿ? ಒಂದೊಂದೇ ಅಡಿಕೆ ವಾಪಸ್ ಕೊಡ್ತಾ ಇದ್ದೀನಿ."

ಇವತ್ತಿನ ಮೊದಲ ಮನೆ ಮುಗಿದಿದೆ. ಕಿಟಕಿಯ ಗೃಹಿಣಿ ಒಂದು ಲೋಟ ಟೀಯನ್ನು ಏಣಿಯ ಮೇಲಕ್ಕೇ ಚಾಚಿ ಕೊಟ್ಟಿದ್ದಾರೆ. ಪಕ್ಕದ ಬೀದಿಯ ಎರಡನೇ ಮನೆಯದ್ದೂ ಬೇಗ ಆಗುತ್ತದೆ. ಮೀಟರಿನಲ್ಲಿ ಬೆಳಕು ಭರ್ತಿ. ಗಂಟಣ್ಣ ಕತ್ತರಿಸಿದ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಡೈರಿಯಲ್ಲಿ ಗೆರೆ ಎಳೆದು, ಏಳು ಗಂಟೆಗೆ ಸರಿಯಾಗಿ ಸನ್ನೆ ಟೀಚರ್ ಮನೆಯ ಮುಂದೆ ಬೈಕ್ ನಿಲ್ಲಿಸುತ್ತಾರೆ. ವಾರಕ್ಕೊಮ್ಮೆ ಈ ಹೊತ್ತಿಗೇ ಬಂದು ಲೈನ್ ನೋಡಿಹೋಗುವುದು ಅವರ ರೂಢಿ. ಬಾಗಿಲು ತೆರೆದಿದೆ, ಪಾಠ ನಡೆಯುತ್ತಿದೆ, ಪರದೆಯ ಮೇಲೆ ಆರು ಚೌಕಗಳು ಸರಾಗವಾಗಿ ಕೈಯಾಡಿಸುತ್ತಿವೆ.

ಟೀಚರ್ ಗಂಟಣ್ಣನನ್ನು ನೋಡಿ, ಕಂಪ್ಯೂಟರನ್ನು ಬಾಗಿಲ ಕಡೆಗೆ ತಿರುಗಿಸುತ್ತಾರೆ. ಅಪ್ಪನ ತೊಡೆಯ ಮೇಲಿನ ಹುಡುಗಿ ಗಂಟಣ್ಣನನ್ನು ಗುರುತಿಸಿ ನೆಟ್ಟಗಾಗುತ್ತಾಳೆ. ಎರಡು ಪುಟ್ಟ ಮುಷ್ಟಿಗಳನ್ನು ಜೋಡಿಸಿ ಎಳೆದು ಬಿಗಿಯುತ್ತಾಳೆ. ಗಂಟಣ್ಣ ತಲೆ ತಗ್ಗಿಸುತ್ತಾರೆ. ಟೀಚರ್ ಗಂಟಣ್ಣನ ಭುಜ ತಟ್ಟಿ, ಇನ್ನೂ ಮುಗಿದಿಲ್ಲ, ನೋಡಿ ಎಂದು ಪರದೆಯ ಕಡೆ ಬೆರಳು ಮಾಡುತ್ತಾರೆ. ಹುಡುಗಿಯ ಮುಷ್ಟಿಗಳು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಹತ್ತೂ ಬೆರಳು ಅರಳುತ್ತವೆ. ಉಳಿದ ಐದು ಚೌಕದವರೂ ಹಾಗೇ ಮಾಡುತ್ತಾರೆ: ಬಿಗಿದು, ಬಿಚ್ಚಿ.

ಟೀಚರ್ ಹಾಳೆಯಲ್ಲಿ ಬರೆದು ತೋರಿಸುತ್ತಾರೆ. ಹಳೇ ಹೆಸರು ತೆಗೆಯುವ ಪದ್ಧತಿ ಇಲ್ಲ. ಸೇರಿಸುವುದಕ್ಕೆ ಅಡ್ಡಿ ಇಲ್ಲ. ನಿನ್ನೆ ಎಲ್ಲರೂ ಸೇರಿ ಒಪ್ಪಿದೆವು.

ಗಂಟಣ್ಣ ತಮ್ಮ ದಪ್ಪ ಬೆರಳುಗಳಲ್ಲಿ ಒಂದು ಸಲ ಮಾಡಿ ನೋಡುತ್ತಾರೆ. ಕಣ್ಣು ತುಂಬಿದ್ದನ್ನು ಮರೆಮಾಚುವ ಗೋಜಿಗೆ ಹೋಗುವುದಿಲ್ಲ, ಟೋಪಿ ತೆಗೆದು ಅದರಲ್ಲೇ ಒರೆಸಿಕೊಳ್ಳುತ್ತಾರೆ. ಮೋಡೆಮ್ಮಿನ ಹಸಿರು ದೀಪವನ್ನೊಮ್ಮೆ ನೋಡಿ ಹೊರಗೆ ಬಂದು, ಏಣಿಯ ಹಗ್ಗ ಸರಿಮಾಡಿಕೊಂಡು ಬೈಕ್ ಹತ್ತುತ್ತಾರೆ.

"ಇನ್ನೂ ಮೂವತ್ತೊಂಬತ್ತು ಮನೆ ಇದೆ," ಎನ್ನುತ್ತಾರೆ. "ಹೆಸರನ್ನ ಮುಂಚೆಯೇ ಕೊಟ್ಟುಬಿಟ್ರು. ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ ನೋಡಿ."