ಬ್ಯಾಂಕ್ ಮುಚ್ಚಿಸಿದ ಅಧ್ಯಕ್ಷನ ತಾಳಮದ್ದಲೆ

1832ರ ಜುಲೈ 10ರಂದು ಅಮೆರಿಕದ ಅಧ್ಯಕ್ಷ ತನ್ನ ದೇಶದ ರಾಷ್ಟ್ರೀಯ ಬ್ಯಾಂಕಿನ ಪರವಾನಗಿಯನ್ನು ಮುಂದುವರಿಸುವ ಮಸೂದೆಗೆ ಅಂಕಿತ ಹಾಕದೆ ಹಿಂದಕ್ಕೆ ಕಳಿಸಿದ. ನೂರೆಪ್ಪತ್ತೈದು ವರ್ಷಗಳ ನಂತರ ಸಿಂಗಪುರದ ಕಲ್ಲಾಂಗ್‌ನಲ್ಲಿ, ಬಾಡಿಗೆಗೆ ಹಿಡಿದ ಒಂದು ಸಭಾಂಗಣದಲ್ಲಿ, ನಮ್ಮ ಕನ್ನಡ ಕೂಟದವರು ಆ ಘಟನೆಯನ್ನು ತಾಳಮದ್ದಲೆ ಮಾಡಿದರು.

ಇದು ನಮಗೆ ವಿಚಿತ್ರವೆನಿಸಲಿಲ್ಲ. ಕೂಟದಲ್ಲಿ ಅರ್ಧಕ್ಕರ್ಧ ಮಂದಿ ಬ್ಯಾಂಕುಗಳಲ್ಲಿದ್ದರು. ಹೊಸ ಪ್ರಸಂಗ ಬೇಕು, ಪುರಾಣ ಬೇಡ ಎಂದು ಕಾರ್ಯದರ್ಶಿ ಹಟ ಹಿಡಿದಿದ್ದರು. ನಾನು ಆಗ ಒಂದು ಸುದ್ದಿಸಂಸ್ಥೆಯ ವಾಣಿಜ್ಯ ವಿಭಾಗದಲ್ಲಿ ವರದಿಗಳನ್ನು ತಿದ್ದುವ ಕೆಲಸದಲ್ಲಿದ್ದೆ; ಹಿಂದೆ ಓದಿದ್ದು ಇತಿಹಾಸ. ಕಥೆಯ ಸಾರಾಂಶ ಬರೆದುಕೊಟ್ಟೆ. ಜುರಾಂಗ್ ಐಲ್ಯಾಂಡಿನ ರಿಫೈನರಿಯಲ್ಲಿ ಎಂಜಿನಿಯರ್ ಆಗಿದ್ದ ಕುಂದಾಪುರ ಕಡೆಯವರೊಬ್ಬರು ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಲೇ ಪದ್ಯ ಕಟ್ಟಿದರು. ಭಾಗವತರೂ ಅವರೇ.

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಇಬ್ಬರು ಎದುರುಬದುರು ಕೂತು, ತಮ್ಮ ಪಾತ್ರವೇ ಆಗಿ, ಬಾಯಿಗೆ ಬಂದಂತೆ ವಾದಿಸುತ್ತಾರೆ. ಬರೆದುಕೊಂಡ ಮಾತು ಇರುವುದಿಲ್ಲ. ಪಾತ್ರ ಬಿಟ್ಟು ಹೊರಗೆ ಬರುವಂತಿಲ್ಲ. ಪ್ರಶ್ನೆ ಬಂದಾಗ ಸುಮ್ಮನಿದ್ದರೆ ಸೋತ ಹಾಗೆ. ಕಥೆಯಲ್ಲಿ ಸೋಲುವವನ ಪಾತ್ರದಲ್ಲೇ ವಾದಕ್ಕೆ ಹೆಚ್ಚು ಅವಕಾಶವಿರುವುದರಿಂದ ಹಿರಿಯರು ಅದನ್ನೇ ಆರಿಸಿಕೊಳ್ಳುವುದುಂಟು. ನಮ್ಮಲ್ಲಿ ಹಿರಿಯರೆಂದರೆ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರು. ಅವರು ರಾಷ್ಟ್ರೀಯ ಬ್ಯಾಂಕಿನ ಮುಖ್ಯಸ್ಥನ ಪಾತ್ರ ತೆಗೆದುಕೊಂಡರು. ಉಳಿದದ್ದು ಅಧ್ಯಕ್ಷನ ಪಾತ್ರ. ಅದು ನನ್ನ ಸ್ನೇಹಿತನಿಗೆ ಬಂತು. ಉಡುಪಿ ಕಡೆಯವನು, ಕೂಟದಲ್ಲಿ ಪ್ರೊಫೆಸರರ ಎದುರು ಕೂರಬಲ್ಲವನು ಅವನೊಬ್ಬನೇ.

"ಬ್ಯಾಂಕಲ್ಲಿ ಸಂಬಳ ತಗೊಂಡು ಬ್ಯಾಂಕನ್ನೇ ಮುಚ್ಚಿಸ್ತಿದೀರಲ್ಲ, ಸಾರ್," ಎಂದು ಭಾಗವತರು ಅಭ್ಯಾಸದ ದಿನ ರೇಗಿಸಿದರು.

"ಒಂದು ಸಾಯಂಕಾಲಕ್ಕೆ ತಾನೇ," ಎಂದ ಸ್ನೇಹಿತ.

ಅವನು ಕ್ಲೆಮೆಂಟಿಯಲ್ಲಿ ನಮ್ಮ ಎದುರಿನ ಬ್ಲಾಕಿನಲ್ಲಿದ್ದ. ಠೇವಣಿ ಇಟ್ಟಿದ್ದ ಹಿರಿಯರನ್ನು ಒಪ್ಪಿಸಿ ಅವರ ಹಣವನ್ನು ಬ್ಯಾಂಕಿನ ಹೊಸ ಹೂಡಿಕೆ ಪತ್ರಗಳಿಗೆ ಹಾಕಿಸುವುದು ಅವನ ಕೆಲಸ. ಬಡ್ಡಿ ಠೇವಣಿಗಿಂತ ಹೆಚ್ಚು. ಕೆಳಗೆ ಸಣ್ಣಕ್ಷರದಲ್ಲಿ ಷರತ್ತುಗಳು. ಆ ವರ್ಷ ಎಲ್ಲರೂ ಏನನ್ನಾದರೂ ಕೊಳ್ಳುತ್ತಿದ್ದರು. ಬಾಡಿಗೆ ಏರಿದ ಕಡೆಯಲ್ಲೆಲ್ಲ ಹೊಸ ಕಾಂಡೊ ಅಪಾರ್ಟ್‌ಮೆಂಟುಗಳ ಕ್ರೇನುಗಳು ನಿಂತಿದ್ದವು. ಅವನೊಬ್ಬ ಮಾತ್ರ ಸತತ ಎರಡು ಸಲ ಟಾರ್ಗೆಟ್ ಮುಟ್ಟಿರಲಿಲ್ಲ. ಈ ಸಲವೂ ತಪ್ಪಿದರೆ, ಪರದೇಶದವರು ಅಲ್ಲಿ ಕೆಲಸ ಮಾಡಲು ಬೇಕಾದ ಎಂಪ್ಲಾಯ್‌ಮೆಂಟ್ ಪಾಸ್ ನವೀಕರಣಕ್ಕೆ ಶಿಫಾರಸು ಮಾಡುವುದಿಲ್ಲ ಎಂದು ಅವನ ಬಾಸ್ ಹೇಳಿದ್ದರು. ಪಾಸ್ ಹೋದರೆ ಮನೆ, ಮಗಳ ಶಾಲೆ, ಎಲ್ಲವನ್ನೂ ಬಿಟ್ಟು ಹೊರಡಬೇಕಿತ್ತು. ಊರಿನಲ್ಲಿ ಅವನಿಗಾಗಿ ಯಾವ ಕೆಲಸವೂ ಕಾದಿರಲಿಲ್ಲ.

ಅವನ ಬಾಸ್ ಮೈಸೂರಿನವರು, ಕೂಟದ ಸದಸ್ಯರು. ಆ ಸಾಯಂಕಾಲದ ಖರ್ಚು ಅವರ ಬ್ಯಾಂಕಿನದ್ದು. ಪ್ರತಿ ಕುರ್ಚಿಯ ಮೇಲೂ ಹೂಡಿಕೆ ಪತ್ರದ ಕರಪತ್ರ ಇಟ್ಟಿದ್ದರು. ಮೊದಲ ಸಾಲಿನಲ್ಲಿ ಬಾಸ್, ಅವರ ಪಕ್ಕದಲ್ಲಿ ಧಾರವಾಡದ ಒಬ್ಬ ಆಂಟಿ. ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದವರು, ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಬರುವ ವಾರ ಆಂಟಿ ಹೂಡಿಕೆ ಪತ್ರಕ್ಕೆ ಸಹಿ ಹಾಕುವುದಿತ್ತು. ಅವರು ಹಾಕಿದರೆ ತಾವೂ ಹಾಕುತ್ತೇವೆ ಎಂದು ಇನ್ನೂ ಕೆಲವು ಮನೆಯವರು ಕಾಯುತ್ತಿದ್ದರು. ಅಷ್ಟು ಬಂದರೆ ಸ್ನೇಹಿತನ ಟಾರ್ಗೆಟ್ ಮುಗಿಯುತ್ತಿತ್ತು.

ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಕೆಲವೇ ಶ್ರೀಮಂತರ ಕೈಯಲ್ಲಿರುವ ಬ್ಯಾಂಕು ಪ್ರಜೆಗಳ ಮೇಲೆ ಸವಾರಿ ಮಾಡುವುದನ್ನು ಒಪ್ಪಲಾರೆ ಎಂದು ಸ್ನೇಹಿತ ಗುಡುಗಿದ. ಬಾಸ್ ನಗುತ್ತ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಒಂದು ಹುಡುಗಿ ಸಿಂಗಪುರದ ಧಾಟಿಯಲ್ಲಿ, "ಅಮ್ಮಾ, ಫೈಟ್ ಯಾವಾಗ ಲಾ?" ಎಂದು ಕೇಳಿದಳು.

"ಇದೇ ಕಣೇ ಫೈಟು. ಸುಮ್ನೆ ಕೂತ್ಕೊ," ಎಂದಳು ತಾಯಿ.

ಆಮೇಲೆ ಪ್ರೊಫೆಸರು ಮುಂದಕ್ಕೆ ಬಾಗಿದರು.

"ಅಧ್ಯಕ್ಷರೇ, ಪ್ರಜೆಗಳ ಹೆಸರಿನಲ್ಲಿ ನನ್ನ ಬಾಗಿಲು ಮುಚ್ಚಿಸಿದಿರಿ. ಆಗಲಿ. ನನ್ನಲ್ಲಿದ್ದ ಸರ್ಕಾರದ ಹಣವನ್ನು ಎಲ್ಲಿಗೆ ಸಾಗಿಸಿದಿರಿ? ನಿಮಗೆ ಬೇಕಾದ ಸಣ್ಣ ಬ್ಯಾಂಕುಗಳಿಗೆ. ಆ ಬಲದಲ್ಲಿ ಅವು ನೋಟು ಹೊರಡಿಸಿದವು. ಆ ನೋಟು ಕೊಟ್ಟು ಜನ ಕಾಡುಭೂಮಿ ಕೊಂಡರು. ಬೆಲೆ ಏರಿತು, ಇನ್ನಷ್ಟು ಕೊಂಡರು. ಆಗ ತಾವು ಏನೆಂದು ಆಜ್ಞೆ ಮಾಡಿದಿರಿ? ಸರ್ಕಾರದ ಭೂಮಿಗೆ ಇನ್ನು ಚಿನ್ನ ಬೆಳ್ಳಿಯೇ ಬೇಕು, ಕಾಗದ ಬೇಡ. ತಮಗೆ ಬೇಡವಾದ ಕಾಗದ ಪ್ರಜೆಗಳಿಗೆ ಮಾತ್ರ ಹೇಗೆ ಬೇಕಾಯಿತು?"

ಇದೆಲ್ಲ ನಡೆದದ್ದೇ. ಆಜ್ಞೆ ಹೊರಟದ್ದು 1836ರ ಜುಲೈಯಲ್ಲಿ. ನನ್ನ ಸಾರಾಂಶದಲ್ಲಿತ್ತು.

"ಪ್ರಜೆಗಳನ್ನು ಎಚ್ಚರಿಸಲೆಂದೇ ಆ ಆಜ್ಞೆ," ಎಂದ ಸ್ನೇಹಿತ.

"ಸಂತೋಷ. ಹಾಗಾದರೆ ಎಚ್ಚರಿಸಿ. ಒಬ್ಬ ವಿಧವೆ ಬಂದಿದ್ದಾಳೆ. ಗಂಡ ಬಿಟ್ಟುಹೋದ ಬೆಳ್ಳಿ ಅವಳ ಸೆರಗಿನಲ್ಲಿದೆ. ಕೊಟ್ಟು ಕಾಗದ ತಗೊಳ್ಳಲೇ, ಮಹಾಸ್ವಾಮಿ, ಎಂದು ನಿಮ್ಮನ್ನು ಕೇಳುತ್ತಾಳೆ. ಏನು ಹೇಳುತ್ತೀರಿ?"

ಪ್ರೊಫೆಸರಿಗೆ ಆಂಟಿಯ ವಿಷಯ ಗೊತ್ತಿರಲಿಲ್ಲ. ಇದನ್ನು ಆಮೇಲೆ ಅವರನ್ನೇ ಕೇಳಿ ಖಚಿತಪಡಿಸಿಕೊಂಡೆ. ತಾಳಮದ್ದಲೆಯಲ್ಲಿ ಇಂಥ ಪ್ರಶ್ನೆ ಮಾಮೂಲು.

ಮದ್ದಲೆಯವನು ಮೆಲ್ಲಗೆ ಒಂದು ಪೆಟ್ಟು ಹಾಕಿದ. ಉತ್ತರ ತಡವಾದಾಗ ಹಾಗೆ ಮಾಡುವುದು ಕ್ರಮ. ಕಾಗದ ತಗೊ ಎಂದರೆ ಅಧ್ಯಕ್ಷ ತನ್ನ ಆಜ್ಞೆಗೆ ತಾನೇ ತಪ್ಪಿದಂತೆ. ವಾದ ಅಲ್ಲಿಗೆ ಮುಗಿಯುತ್ತಿತ್ತು. ಬೇಡ ಎಂದರೆ ಎದುರಿಗೆ ಬಾಸ್ ಇದ್ದರು. ಅವರ ತೊಡೆಯ ಮೇಲೆ ಕರಪತ್ರವಿತ್ತು.

"ನಿಮ್ಮ ಮೌನವೇ ಉತ್ತರವೆಂದು ಬರೆದುಕೊಳ್ಳಲೇ?" ಎಂದರು ಪ್ರೊಫೆಸರು. ಸಭೆ ನಕ್ಕಿತು.

"ತಗೋಬೇಡ, ತಾಯಿ," ಎಂದ ಸ್ನೇಹಿತ. ಧ್ವನಿ ಸಣ್ಣದಾಗಿತ್ತು. ಅವನು ನೋಡುತ್ತಿದ್ದದ್ದು ಮೊದಲ ಸಾಲನ್ನು. "ಅದನ್ನು ಕೊಡುವವನಿಗೂ ಅದರ ಒಳಗೇನಿದೆ ಎಂದು ತಿಳಿಯದು. ಬೆಳ್ಳಿ ನಿನ್ನ ಸೆರಗಿನಲ್ಲೇ ಇರಲಿ."

ಚಪ್ಪಾಳೆ ಬಹಳ ಹೊತ್ತು ಇತ್ತು. ಬಾಸ್ ಕೂಡ ತಟ್ಟಿದರು. ಪ್ರಸಂಗ 1837ರ ಮೇ ತಿಂಗಳಿನವರೆಗೆ ಸಾಗಿತು. ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ನಾಣ್ಯ ಕೊಡುವುದನ್ನು ನಿಲ್ಲಿಸಿದವು. ಅಧ್ಯಕ್ಷ ಅಷ್ಟರಲ್ಲಿ ಅಧಿಕಾರ ಬಿಟ್ಟು ಮನೆಗೆ ಹೋಗಿದ್ದ. ಭಾಗವತರು ಮಂಗಳ ಹಾಡಿದರು. ಎಲ್ಲರೂ ಬಿಸಿಬೇಳೆಬಾತ್ ತಿಂದರು.

ಸೋಮವಾರ ಬಾಸ್ ಅವನನ್ನು ಕರೆದು, "ಆಕ್ಟಿಂಗ್ ಸೂಪರ್ ಆಗಿತ್ತು ಕಣ್ರೀ. ಈಗ ಆಂಟಿಗೆ ಫೋನ್ ಮಾಡಿ ಅದು ಆಕ್ಟಿಂಗ್ ಅಂತ ಕ್ಲಿಯರ್ ಮಾಡ್ಬಿಡಿ," ಎಂದರಂತೆ. ಅವನು ಫೋನ್ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಕ್ಲೆಮೆಂಟಿಯ ಹಾಕರ್ ಸೆಂಟರಿನಲ್ಲಿ ಊಟಕ್ಕೆ ಕೂತಿದ್ದೆವು. ಗದ್ದಲ ಜಾಸ್ತಿಯಿದ್ದುದರಿಂದ ಸ್ಪೀಕರ್ ಹಾಕಿದ್ದ.

"ಆಂಟಿ, ಮೊನ್ನೆ ನಾನು ಹೇಳಿದ್ದು ಪಾತ್ರಕ್ಕೆ. ಅದನ್ನ ಸೀರಿಯಸ್ ಆಗಿ ತಗೋಬೇಡಿ."

"ಅದು ನನಗ ಗೊತ್ತೈತಿ, ತಮ್ಮಾ. ಆದ್ರ ಆವತ್ತು ನನ್ನ ಮಾರಿ ನೋಡಿ ಹೇಳಿದಿ. ಇವತ್ತು ಫೋನಿನಾಗ ಹೇಳ್ಲಿಕತ್ತೀ. ಈಗ ಯಾರ ಪಾತ್ರ ಮಾಡ್ಲಿಕತ್ತೀ?"

ಅವನು ನನ್ನನ್ನು ನೋಡಿದ.

"ಒಂದ ಮಾತು ಹೇಳು. ಇದು ನಿಮ್ಮ ಅವ್ವನ ರೊಕ್ಕ ಆಗಿದ್ರ ಹಾಕಸ್ತಿದ್ದಿ?"

"ಆಂಟಿ, ಹೂಡಿಕೆ ಅಂದ್ಮೇಲೆ ರಿಸ್ಕ್ ಇದ್ದೇ ಇರತ್ತೆ…"

"ಸಾಕ ಬಿಡಪಾ. ಊಟ ಮಾಡು," ಎಂದು ಅವರು ಫೋನ್ ಇಟ್ಟರು.

ಆಂಟಿ ಸಹಿ ಹಾಕಲಿಲ್ಲ. ಕಾಯುತ್ತಿದ್ದ ಮನೆಯವರೂ ಹಾಕಲಿಲ್ಲ. ಸ್ನೇಹಿತ ಕೂಟಕ್ಕೆ ಬರುವುದನ್ನು ನಿಲ್ಲಿಸಿ, ಗುರುತಿಲ್ಲದ ಹಿರಿಯರನ್ನು ಹುಡುಕಿಕೊಂಡು ಬೇರೆ ಬಡಾವಣೆಗಳಲ್ಲಿ ಬ್ಲಾಕುಗಳ ಕೆಳಗಿನ ಖಾಲಿ ಜಾಗಗಳಾದ ವಾಯ್ಡ್ ಡೆಕ್‌ಗಳಲ್ಲಿ ಶನಿವಾರ ಭಾನುವಾರ ಮೇಜು ಹಾಕಿ ಕೂತ. ಚೀನೀ ಭಾಷೆ ಬಲ್ಲ ಸಹೋದ್ಯೋಗಿಯೊಬ್ಬಳು ಮಾತಾಡಿದಳು. ಇವನು ಪತ್ರಗಳನ್ನು ಕೊಟ್ಟ. ಟಾರ್ಗೆಟ್ ಮುಟ್ಟಿದ; ಪಾಸ್ ಉಳಿಯಿತು. ನಾನು ಒಮ್ಮೆ ಆ ದಾರಿಯಲ್ಲಿ ಬಂದಾಗ ಅವನು ಒಬ್ಬ ಮುದುಕನಿಗೆ ಸಹಿ ಮಾಡುವ ಜಾಗ ತೋರಿಸುತ್ತಿದ್ದ. ನನ್ನನ್ನು ಕಂಡು ತಲೆ ಆಡಿಸಿದ. ನಾನೂ ಆಡಿಸಿದೆ.

2008ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಹೂಡಿಕೆ ಬ್ಯಾಂಕು ಮುಳುಗಿತು. ಆ ಸುದ್ದಿಯನ್ನು ತಿದ್ದಿದವರಲ್ಲಿ ನಾನೂ ಒಬ್ಬ. ಸ್ನೇಹಿತ ಮಾರಿದ್ದ ಪತ್ರಗಳಲ್ಲಿ ಹೆಚ್ಚಿನವು ಆ ಬ್ಯಾಂಕಿನ ಸಾಲವನ್ನೇ ನಂಬಿದ್ದರಿಂದ ಬೆಲೆ ಕಳೆದುಕೊಂಡವು. ಹಣ ಕಳೆದುಕೊಂಡವರ ದೂರು ಕೇಳಲು ಬ್ಯಾಂಕು ಒಂದು ಕೌಂಟರ್ ತೆರೆದು ಅವನನ್ನು ಅಲ್ಲಿ ಕೂರಿಸಿತು. ಏನು ಕೇಳಿದರೂ "ಪರಿಶೀಲಿಸುತ್ತೇವೆ" ಎಂಬುದರ ಆಚೆಗೆ ಒಂದು ಮಾತೂ ಆಡಬಾರದೆಂದು ಲಿಖಿತ ಸೂಚನೆ ಇತ್ತು. ಕೆಲಸ ಬಿಡುತ್ತೀಯಾ ಎಂದು ಕೇಳಿದೆ.

"ಬಿಟ್ಟು?" ಎಂದ.

ಮುಂದಿನ ಯುಗಾದಿಗೆ ಮತ್ತೊಂದು ತಾಳಮದ್ದಲೆ ಮಾಡೋಣ ಎಂದು ಭಾಗವತರು ಕರೆದರು. ಅವನು ಒಪ್ಪಲಿಲ್ಲ. ಅದೇ ತಿಂಗಳು ಅವನ ಪಾಸ್ ಮತ್ತೆ ಎರಡು ವರ್ಷಕ್ಕೆ ನವೀಕರಣವಾಯಿತು.